ಮಗಳು ಹತ್ತಿಸಿದ ಬೆಟ್ಟ

ಹೆಣ್ಣುಮಕ್ಕಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಹೆತ್ತ ತಾಯಿ ನಾಚಿಕೆಯ ವಸ್ತುವಾಗಿಬಿಡುತ್ತಾಳೆ. ಅವಳು ನಕ್ಕರೆ ಜೋರಾಯಿತು, ಮಾತಾಡಿದರೆ ಇಂಗ್ಲಿಷ್ ತಪ್ಪಾಯಿತು, ಸುಮ್ಮನೆ ನಿಂತರೆ ನಿಂತ ರೀತಿ ಸರಿಯಿಲ್ಲ. ನನಗೆ ಈ ಭಾಗ್ಯ ಒದಗಿದ್ದು ಸೌದಿಯ ದಹ್ರಾನಿನಲ್ಲಿ. ಗಂಡ ಎಣ್ಣೆ ಕಂಪೆನಿಯಲ್ಲಿ ಟೆಕ್ನೀಶಿಯನ್. ಅವರು ಡ್ಯೂಟಿಗೆ, ಮಗಳು ಶಾಲೆಗೆ ಹೋದರೆಂದರೆ ನಾನು ಏಸಿಯ ಕೆಳಗೆ ಕೂತು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದೆ. ಆಗ ಅಲ್ಲಿ ಹೆಂಗಸರು ಕಾರು ಓಡಿಸುವಂತಿಲ್ಲ, ಒಬ್ಬಳೇ ಹೊರಗೆ ಹೋಗುವ ರೂಢಿಯಿಲ್ಲ. ನಮ್ಮೂರು ಶಿರ್ವದ ಬಾವಿಯಲ್ಲಿ ನೀರು ಸೇದಿ ಗಟ್ಟಿಯಾಗಿದ್ದ ಕೈಗಳು ಇಲ್ಲಿ ವಿಡಿಯೊ ಕ್ಯಾಸೆಟ್ ಬದಲಾಯಿಸಲು ಮಾತ್ರ ಏಳುತ್ತಿದ್ದವು.

ಹೀಗಿರುವಾಗ ಮಗಳು ಅನಿತಾ ಒಂದು ಸುದ್ದಿ ತಂದಳು. ಅವಳ ಕ್ಲಾಸಿನ ಹುಡುಗಿಯರನ್ನು ಹುಫೂಫ್ ಕಡೆಯ ಒಂದು ಬೆಟ್ಟ ಹತ್ತಿಸಲು ಕರೆದೊಯ್ಯುತ್ತಾರಂತೆ, ಜೊತೆಗೆ ಕೆಲವರು ತಾಯಂದಿರೂ ಬೇಕಂತೆ. ಅದೇ ಉಸಿರಿನಲ್ಲಿ, "ನೀನು ಬರುವುದು ಬೇಡ ಮಮ್ಮಿ," ಎಂದಳು. ದೇವರಾಣೆ, ನನಗೆ ಬೆಟ್ಟದ ಮೇಲೆ ಯಾವ ಆಸೆಯೂ ಇರಲಿಲ್ಲ. ಆದರೆ ಬೇಡ ಎಂದ ಮೇಲೆ ಹೋಗದಿರುವುದು ಹೇಗೆ? ಪಕ್ಕದ ಫ್ಲ್ಯಾಟಿನ ಉಳ್ಳಾಲದ ಜುಬೇದಾಳ ಮಗಳೂ ಅದೇ ಕ್ಲಾಸು. ನಮ್ಮೂರ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಿ ಎನ್ನುತ್ತಿದ್ದ ಜುಬೇದಾ, "ಹೋಗುವ ಬಾಯಿ, ಒಂದು ಒಳ್ಳೆ ಗಾಳಿಯಾದರೂ ಸಿಕ್ಕೀತು," ಎಂದಳು. ಇಬ್ಬರೂ ಹೆಸರು ಕೊಟ್ಟೆವು.

ಚಳಿಗಾಲದ ಒಂದು ಗುರುವಾರ ಬಸ್ಸು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ನಮ್ಮ ಕಡೆಯ ಬೆಟ್ಟಗಳು ಮೈತುಂಬ ಹೊದ್ದುಕೊಂಡಿರುತ್ತವೆ. ಇದರ ಮೇಲೆ ಒಂದೆಳೆ ಹುಲ್ಲೂ ಇರಲಿಲ್ಲ; ಯಾರೋ ಮಣ್ಣು ಕಲಸಿ, ಅರ್ಧಕ್ಕೆ ಬೇಸರ ಬಂದು ಎದ್ದು ಹೋದ ಹಾಗಿತ್ತು. ಟೀಚರ್ ಹುಡುಗಿಯರನ್ನು ಸಾಲು ಮಾಡಿ ಮುಂದೆ ನಡೆದರು. ನಾನೂ ಜುಬೇದಾಳೂ ಬಂಡೆಯ ನೆರಳಲ್ಲಿ ಊಟದ ಪಾತ್ರೆ ಕಾಯಲು ಕೂತೆವು. ಕಾಯುವುದೆಂದರೆ, ಅಕ್ಕಿಯ ಪುಂಡಿಯೂ ಕೋಳಿಸುಕ್ಕವೂ ಕೆಟ್ಟಿಲ್ಲವೆಂದು ಆಗಾಗ ತಿಂದು ಖಾತ್ರಿ ಮಾಡಿಕೊಳ್ಳುವುದು.

ಮೇಲೆ ಹುಡುಗಿಯರ ಸದ್ದು ಒಮ್ಮೆಗೇ ನಿಂತಿತು. ತಲೆಯೆತ್ತಿದರೆ, ಬೆಟ್ಟದ ಅರ್ಧದಲ್ಲಿ ಅನಿತಾ ಬಂಡೆಯನ್ನು ತಬ್ಬಿ, ಕಣ್ಣು ಮುಚ್ಚಿ ನಿಂತಿದ್ದಾಳೆ. ಟೀಚರ್ ಹಿಂತಿರುಗಿ ಬಂದು ಏನೇನೋ ಸಮಾಧಾನ ಹೇಳಿದರು. ಅವಳು ನಿಂತಲ್ಲಿಂದ ಹಂದಲಿಲ್ಲ. ಆಮೇಲೆ ಕೂಗಿದಳು, "ಮಾಂಯ್, ಯೇ!" ಅಮ್ಮಾ ಬಾ ಎಂದು, ಕೊಂಕಣಿಯಲ್ಲಿ, ಗೆಳತಿಯರ ಎದುರು ನಾನು ಕೊಂಕಣಿಯಲ್ಲಿ ಊಟಕ್ಕೆ ಕರೆದರೂ ಸಿಡುಕುತ್ತಿದ್ದ ಹುಡುಗಿ.

ಮೈಮೇಲಿನ ಕಪ್ಪು ನಿಲುವಂಗಿ ಅಬಾಯದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದ್ದು ನೆನಪಿದೆ. "ನಿಧಾನ ಬಾಯಿ, ಕೆಳಗೆ ನೋಡಬೇಡಿ," ಎಂದು ಜುಬೇದಾ ಕೂಗಿದ್ದೂ ನೆನಪಿದೆ, ಏಕೆಂದರೆ ಆ ಕ್ಷಣವೇ ನಾನು ಕೆಳಗೆ ನೋಡಿದೆ. ಸ್ವಲ್ಪ ದೂರ ಕಾಲಲ್ಲಿ, ಮಿಕ್ಕದ್ದು ಕೈಯಲ್ಲಿ, ಮೊಣಕಾಲಲ್ಲಿ ಹತ್ತಿದೆ. ಮಗಳ ಪಕ್ಕದಲ್ಲಿ ಕುಸಿದು ಕೂತು ಅವಳ ಕೈ ಹಿಡಿದಾಗ ಆ ಕೈ ತಣ್ಣಗಿತ್ತು. ನನ್ನದೂ ಹಾಗೇ ಇತ್ತು.

"ಮಮ್ಮಿ, ಕೆಳಗೆ ಹೋಗೋಣ."

"ಇಳಿಯಲು ನನಗೂ ಹೆದರಿಕೆ, ಮಗಾ."

ಅವಳು ಕಣ್ಣು ತೆರೆದಳು. "ಮತ್ತೆ ಯಾಕೆ ಬಂದೆ?"

"ನೀನು ಕರೆದೆಯಲ್ಲ."

ಅವಳು ಮೂಗೊರೆಸಿಕೊಂಡು, "ಹಾಗಾದರೆ ಮೇಲೆಯೇ ಹೋಗೋಣ. ಹತ್ತುವಾಗ ಕೆಳಗಿನದ್ದು ಕಾಣುವುದಿಲ್ಲ," ಎಂದಳು.

ಟೀಚರ್ ಮುಂದೆ, ಅವಳು ನಡುವೆ, ನಾನು ಹಿಂದೆ. ಎಲ್ಲಿ ಕಾಲಿಡಬೇಕೆಂದು ಅವಳು ತೋರಿಸಿದಳು, ಅಲ್ಲಿ ನಾನು ಇಟ್ಟೆ. ಕೊನೆಗೊಮ್ಮೆ ನೆಲ ಸಮನಾಯಿತು, ತಲೆಯೆತ್ತಿದೆ. ಕೆಳಗೆ ಉದ್ದಕ್ಕೂ ಖರ್ಜೂರದ ತೋಟ, ಕಣ್ಣು ಹರಿಯುವವರೆಗೂ ಹಸಿರು. ಮರಳು ನೋಡಿ ನೋಡಿ ನನ್ನ ಕಣ್ಣಿಗೆ ಅಂಥ ಬಣ್ಣವೊಂದಿದೆ ಎಂಬುದೇ ಮರೆತುಹೋಗಿತ್ತು. ಗಾಳಿ ಬೀಸುತ್ತಿತ್ತು. ಅನಿತಾ ನನ್ನ ಕೈ ಬಿಡಲಿಲ್ಲ, ಗೆಳತಿಯರು ನೋಡುತ್ತಿದ್ದರೂ. ಇಳಿದದ್ದನ್ನು ವರ್ಣಿಸುವುದಿಲ್ಲ, ಬಹುಪಾಲು ಕೂತೇ ಇಳಿದೆ.

ವಾಪಸಾಗುವಾಗ ಬಸ್ಸಿನಲ್ಲಿ ನನಗೆ ಜೋಂಪು ಹತ್ತಿತ್ತು. ಹಿಂದಿನ ಸೀಟಿನಲ್ಲಿ ಅನಿತಾ ಗೆಳತಿಯರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: "ನನ್ನ ಮಮ್ಮಿಗೆ ಅರ್ಧದಲ್ಲಿ ತುಂಬಾ ಹೆದರಿಕೆಯಾಯಿತು. ನಾನೇ ದಾರಿ ತೋರಿಸಿ ಮೇಲೆ ಕರೆದುಕೊಂಡು ಹೋದೆ."

ಜುಬೇದಾ ನನ್ನನ್ನು ತಿವಿದು, "ಕೇಳಿತಾ ಬಾಯಿ?" ಎಂದಳು. ತಿರುಗಿ ಎರಡು ಮಾತು ಹೇಳಬೇಕೆಂದು ಬಾಯಿ ತೆರೆದೆ. ನಡೆದದ್ದನ್ನೆಲ್ಲ ಮತ್ತೊಮ್ಮೆ ನೆನೆದು ನೋಡಿದೆ. ಮಗಳ ಮಾತಿನಲ್ಲಿ ಒಂದೇ ಒಂದು ಸುಳ್ಳೂ ಸಿಗದೆ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅನಿತಾ ಮುಂದುವರಿಸಿದ್ದಳು: "ಮುಂದಿನ ಸಲವೂ ಕರೆದುಕೊಂಡು ಬರಬೇಕು. ಪಾಪ, ಒಬ್ಬಳೇ ಬಿಟ್ಟರೆ ಅವಳು ಎಲ್ಲಿಗೂ ಹತ್ತುವುದಿಲ್ಲ."