ಇಳಿಯದೆ ತೆಗೆಯುವ ಗೇಟು

ನಮ್ಮ ಹೊಲದ ಗೇಟು ಸುಮ್ಮನೆ ತೆರೆದು ಸುಮ್ಮನೆ ಮುಚ್ಚಿಕೊಂಡ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ. ತಾರೀಖು, ವೇಳೆ, ಯಾರು ತೆಗೆದರು, ಯಾವ ಬಗೆಯಲ್ಲಿ ತೆಗೆದರು, ಆಮೇಲೆ ಏನಾಯಿತು, ಇಷ್ಟನ್ನೂ ಬರೆದಿಡುತ್ತೇನೆ. ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಅಂಟಿಕೊಂಡ ಅಭ್ಯಾಸ ಅದು. ಓದಿದವರು ನಂಬಲಿಕ್ಕಿಲ್ಲ ಎನಿಸಿದ ಪುಟಗಳಿಗೆ ಸಾಕ್ಷಿಗಳ ಸಹಿಯನ್ನೂ ಹಾಕಿಸಿದ್ದೇನೆ.

೧. ಷರತ್ತು

ಮಾನವಿಯಿಂದ ಸಿರವಾರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಭತ್ತದ ಹೊಲ. ಮನೆ ರಾಯಚೂರಿನಲ್ಲಿ. ವಾರಕ್ಕೆ ಎರಡು ಸಲ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ರಸ್ತೆಯ ತುಂಬ ಆಡು, ಎಮ್ಮೆ ಓಡಾಡುವುದರಿಂದ ಗೇಟು ಯಾವಾಗಲೂ ಹಾಕಿರಬೇಕು. ಹೋಗುವಾಗ ಇಳಿದು ತೆಗೆಯಬೇಕು, ಹತ್ತಿ ಕಾರು ಒಳಗೆ ತರಬೇಕು, ಮತ್ತೆ ಇಳಿದು ಹಾಕಬೇಕು. ಬರುವಾಗಲೂ ಅಷ್ಟೇ. ಕೂತು ಕಾರು ಓಡಿಸುವುದಕ್ಕೆ ನನ್ನ ಮೊಣಕಾಲಿನ ತಕರಾರು ಇಲ್ಲ. ಇಳಿದು ಹತ್ತುವುದಕ್ಕೆ ಮಾತ್ರ ಅದು ಒಪ್ಪುವುದಿಲ್ಲ. ಹೊಲ ನೋಡಿಕೊಳ್ಳುವ ಮುತ್ಯಾ ಒಬ್ಬನಿದ್ದಾನೆ, ಆದರೆ ಅವನಿರುವುದು ಹೊಲದ ಆ ತುದಿಯ ಪಂಪ್ ಶೆಡ್ಡಿನಲ್ಲಿ. ಕೂಗಿದರೆ ಕೇಳಿಸುವುದಿಲ್ಲ, ಕೇಳಿಸಿದರೂ ನಡೆದು ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ.

ಒಂದು ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಯಜಮಾನರು ಬಂದು ಎದುರು ಕುಳಿತರು.

"ಇನ್ನ ಸಾಕು ಮಾಡು. ಹೊಲ ಲಾವಣಿಗೆ ಕೊಟ್ಟುಬಿಡೋಣು. ಸಿರವಾರದ ರೈತರೊಬ್ಬರು ಕೇಳ್ಯಾರ."

ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೆ ಹೊಲ ಹೆಸರಿಗೆ ನನ್ನದೇ ಇರುತ್ತದೆ. ಬಿತ್ತುವವರು, ಬೆಳೆಯುವವರು, ಬದುವಿನ ಮೇಲೆ ನಿಂತು ನೋಡುವವರು ಬೇರೆ. ನಾನು ಆ ಹೊಲಕ್ಕೆ ಹೋಗಬೇಕೆಂದರೆ ನೆಂಟರ ಹಾಗೆ ಹೋಗಬೇಕು.

"ಒಂದು ಗೇಟಿನ ಸಲುವಾಗಿ ನನ್ನ ಹೊಲ ಬಿಡಬೇಕೇನ್ರಿ?" ಎಂದೆ.

"ಹಂಗಾರ ಕಾರ್ ಇಳೀದ ಗೇಟ್ ತಗದು ತೋರ್ಸು. ಈ ಸುಗ್ಗಿ ಒಳಗ. ಆಗಲಿಲ್ಲಂದ್ರ ಲಾವಣಿ ಕಾಗದಕ್ಕ ಸಹಿ ಮಾಡು."

ಷರತ್ತನ್ನು ನನ್ನ ನೋಟ್‌ಬುಕ್ಕಿನಲ್ಲೇ ಬರೆದು ಇಬ್ಬರೂ ಸಹಿ ಹಾಕಿದೆವು. ಮದುವೆಯಾದಂದಿನಿಂದ ನಾನು ಮುಂದಿಟ್ಟ ಕಾಗದವನ್ನು ಅವರು ಓದಿ ಸಹಿ ಮಾಡಿದ್ದು ಅದೇ ಮೊದಲು.

೨. ಕೌದಿ

ಮೊದಲ ಉಪಾಯ ಮುತ್ಯಾನದು. ಪಂಪ್ ಶೆಡ್ಡಿನಿಂದ ಗೇಟಿನ ತನಕ ತಲೆಯೆತ್ತರದ ಕಂಬ ನೆಟ್ಟು, ಒಂದೊಂದಕ್ಕೂ ಸಣ್ಣ ರಾಟಿ ಕಟ್ಟಿ, ಅವುಗಳ ಮೇಲೆ ತಂತಿ ಎಳೆದ. ನಾನು ಹಾರ್ನ್ ಹೊಡೆಯಬೇಕು, ಅವನು ಶೆಡ್ಡಿನಲ್ಲಿ ಕೂತಲ್ಲಿಂದಲೇ ತಂತಿ ಜಗ್ಗಬೇಕು, ಗೇಟು ತೆರೆಯಬೇಕು. ಬಿಟ್ಟರೆ ಗೇಟು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳಬೇಕು.

ಮೊದಲ ದಿನ ಹಾರ್ನ್ ಹೊಡೆದು ಕೂತೆ. ದೂರದಲ್ಲೆಲ್ಲೋ ಒಂದು ರಾಟಿ ಕಿರ್ ಎಂದಿತು. ಆಮೇಲೆ ಅದರ ಈಚಿನದು, ಅದರ ಈಚಿನದು. ಸದ್ದು ಒಂದೊಂದೇ ಕಂಬ ದಾಟುತ್ತಾ ನನ್ನ ಕಡೆಗೆ ನಡೆದು ಬಂದು, ಕಣ್ಣಳತೆಯಲ್ಲಿ ಒಬ್ಬ ಮನುಷ್ಯನೂ ಇಲ್ಲದೆ ಗೇಟು ತೆರೆದುಕೊಂಡಿತು. ಓದು ಬರೆಹ ಕಲಿಯದ ಮುತ್ಯಾ ಮಾಡಿದ ಕೆಲಸ. ನಾನು ಕಾರಿನಲ್ಲಿ ಕೂತೇ ಕೈ ಮುಗಿದೆ.

ಎಂಟನೆಯ ದಿನ ಹೋದಾಗ, ಹಾರ್ನ್ ಹೊಡೆಯುವ ಮೊದಲೇ ಗೇಟು ಹಾರುಹೊಡೆದಿತ್ತು. ಒಳಗೆ ಹೋಗಿ ನೋಡಿದರೆ, ಕಳೆ ತೆಗೆಯಲು ಬಂದ ಹೆಣ್ಣಾಳುಗಳು ಕಾಲುವೆಯಲ್ಲಿ ಒಗೆದ ನಾಲ್ಕು ಕೌದಿಗಳನ್ನು ಆ ತಂತಿಯ ಮೇಲೆ ಹರವಿದ್ದರು. ಹಸಿ ಕೌದಿಯ ಭಾರ ಎಂದರೆ ಏನು ಸಾಮಾನ್ಯವೇ? ತಂತಿ ಜಗ್ಗಿ ಗೇಟು ತೆರೆದುಕೊಂಡಿತ್ತು.

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಯಾಕೆಂದರೆ ಬಿಸಿಲು ಏರಿದಂತೆ, ಕೌದಿ ಆರಿದಂತೆ, ಗೇಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಚ್ಚಿಕೊಳ್ಳುತ್ತಿತ್ತು. ಗಡಿಯಾರ ಹಿಡಿದು ಕೂತು ಬರೆದೆ. ಹನ್ನೊಂದು ಹತ್ತಕ್ಕೆ ಪೂರ್ತಿ ತೆರೆದಿದೆ. ಒಂದೂವರೆಗೆ ಅರ್ಧ. ಮೂರು ಗಂಟೆ ಐದು ನಿಮಿಷಕ್ಕೆ ಮುಚ್ಚಿದೆ. ಇಷ್ಟು ಸೂಕ್ಷ್ಮವಾದ ಉಪಕರಣ ನಮ್ಮ ಕಾಲೇಜಿನಲ್ಲಿ ಇರಲಿಲ್ಲ.

"ಯವ್ವಾ, ಇದು ಅರಿವಿ ಒಣ ಹಾಕೋ ತಂತಿ ಅಲ್ಲ, ಗೇಟಿಂದು," ಎಂದೆ ಅವರಲ್ಲಿ ಹಿರಿಯಳಿಗೆ.

"ಗೊತ್ತದರೀ ಅವ್ವಾರ," ಎಂದಳು ಅವಳು ಕೌದಿ ಮಡಚುತ್ತಾ. "ಅದಕ್ಕಽ ಹಾಕೀವಿ. ಗೇಟ್ ಮುಚ್ಚಿತಂದ್ರ ಕೌದಿ ಒಣಗ್ಯಾವಂತ ಅರ್ಥ. ಮ್ಯಾಲಿಂದ ಮ್ಯಾಲ ಬಂದು ಮುಟ್ಟಿ ನೋಡೋ ಕೆಲಸನಽ ಇಲ್ಲ."

೩. ದೇವದುರ್ಗದ ಎಮ್ಮೆ

ತಂತಿ ಕೌದಿಗಳ ಪಾಲಾದ ಮೇಲೆ, ದೇವದುರ್ಗದ ಕಡೆ ನನ್ನ ತಂಗಿಯ ಹೊಲದಲ್ಲಿ ಹಗ್ಗದ ಗೇಟು ಇದೆ ಎಂದು ಕೇಳಿ ನೋಡಲು ಹೋದೆ. ಗೇಟಿಗೆ ಇಪ್ಪತ್ತು ಹೆಜ್ಜೆ ಈಚೆ ಒಂದು ಎತ್ತರದ ಕಂಬ, ಅದರಿಂದ ಕಾರಿನ ಕಿಟಕಿಯ ಎತ್ತರಕ್ಕೆ ಇಳಿಬಿದ್ದ ಹಗ್ಗ. ಎಳೆದರೆ ಚಿಲಕ ಎದ್ದು ಗೇಟು ತಾನಾಗಿ ಸರಿಯುತ್ತದೆ. ಒಳಗೆ ಹೋದ ಮೇಲೆ ಇನ್ನೊಂದು ಹಗ್ಗ. ಎಳೆದರೆ ಮುಚ್ಚುತ್ತದೆ. ಕರೆಂಟ್ ಇಲ್ಲ, ಆಳು ಇಲ್ಲ. ನೋಡುತ್ತಾ ನಿಂತರೆ ರೆಪ್ಪೆ ಬಡಿಯುವುದು ಮರೆತುಹೋಗುವಂಥ ಕೆಲಸ.

ಆದರೆ ಹಗ್ಗದ ಪಕ್ಕಕ್ಕೇ ಸರಿಯಾಗಿ ಕಾರು ತಂದು ನಿಲ್ಲಿಸುವುದು ಸುಲಭವಲ್ಲ. ಒಂದು ಸಲ ಕೈಗೆ ಎಟುಕಲಿಲ್ಲ. ಇನ್ನೊಂದು ಸಲ ಎಟುಕಿತು, ಹಿಡಿದೆ, ಕಾರು ಮುಂದೆ ಹೋಯಿತು, ನಾನು ಹಗ್ಗ ಬಿಡಲಿಲ್ಲ. ಭುಜ ಈಗಲೂ ಮಳೆಗಾಲದಲ್ಲಿ ಅದನ್ನು ನೆನೆಸಿಕೊಳ್ಳುತ್ತದೆ. ಹತ್ತು ಸಲ ಪ್ರಯತ್ನಿಸಿದೆ, ಮೂರು ಸಲ ಗೆದ್ದೆ.

ಅಷ್ಟರಲ್ಲಿ ತಂಗಿಯ ಎಮ್ಮೆ ಮೇಯ್ದು ಬಂತು. ನನ್ನ ಕಾರನ್ನು ಬಳಸಿಕೊಂಡು ಹೋಗಿ, ಕೋಡಿಗೆ ಹಗ್ಗ ಸಿಕ್ಕಿಸಿ ಕತ್ತು ತಿರುವಿತು. ಗೇಟು ತೆರೆಯಿತು. ಒಳಗೆ ಹೋಯಿತು. ಎರಡನೆಯ ಹಗ್ಗಕ್ಕೂ ಕೋಡು ಹಾಕಿ ಗೇಟು ಮುಚ್ಚಿ, ಹಿಂದೆ ನೋಡದೆ ಕೊಟ್ಟಿಗೆಗೆ ನಡೆಯಿತು.

"ಮುಚ್ಚೂದೂ ಕಲ್ತದಲ್ಲೇ!" ಎಂದೆ ತಂಗಿಗೆ.

"ಎರಡು ದಿನಕ್ಕ ಕಲ್ತಿತು ಅಕ್ಕಾ. ನೀ ಬ್ಯಾಸರ ಮಾಡ್ಕೋಬ್ಯಾಡ. ಅದು ಡಿಗ್ರಿ ಗಿಗ್ರಿ ಅಂತ ಕಾಲ ಕಳೀಲಿಲ್ಲ."

ಅಂಥ ಗೇಟನ್ನು ನಮ್ಮ ಹೊಲಕ್ಕೆ ಹಾಕಿಸಲಿಲ್ಲ. ರಸ್ತೆಯ ತುಂಬ ಎಮ್ಮೆಗಳಿರುವ ಕಡೆ ಅಷ್ಟು ಧೈರ್ಯ ನನಗೆ ಬರಲಿಲ್ಲ.

೪. ಮಿಸ್ಡ್ ಕಾಲ್

ಫೋನ್ ಹೊಡೆದರೆ ಪಂಪು ಶುರುವಾಗುವ ಪೆಟ್ಟಿಗೆ ನಮ್ಮ ಕಡೆ ಎಷ್ಟೋ ಹೊಲಗಳಲ್ಲಿ ಇದೆ. ಮಾನವಿಯ ವೆಲ್ಡಿಂಗ್ ಅಂಗಡಿಯ ಚಾಚಾ ಅಂಥದೊಂದು ಪೆಟ್ಟಿಗೆಯನ್ನು ಗೇಟಿನ ಮೋಟರಿಗೆ ಜೋಡಿಸಿಕೊಟ್ಟರು. ನನ್ನ ನಂಬರಿನಿಂದ ರಿಂಗ್ ಹೋದರೆ ಗೇಟು ತೆರೆಯುತ್ತದೆ, ಐದು ನಿಮಿಷಕ್ಕೆ ತಾನೇ ಮುಚ್ಚುತ್ತದೆ. ಬೇರೆ ಯಾರು ಹೊಡೆದರೂ ಅಲ್ಲಾಡುವುದಿಲ್ಲ.

ರಾಯಚೂರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಒಂದು ಕೈಯಲ್ಲಿ ಫೋನ್ ಒತ್ತುತ್ತಿದ್ದೆ. ಇಲ್ಲಿ ಟ್ರಿಣ್ ಟ್ರಿಣ್. ಅಲ್ಲಿ, ಎರಡು ಬಸ್ ಸ್ಟ್ಯಾಂಡ್ ದಾಟಿ ಆಚೆ, ಆಳೆತ್ತರದ ಕಬ್ಬಿಣದ ಗೇಟು ನನ್ನ ಮಾತು ಕೇಳುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀದುಹೋದರೂ ಆ ಬೆರಗು ಆರುತ್ತಿರಲಿಲ್ಲ.

ಟ್ರ್ಯಾಕ್ಟರ್ ಬಂದರೆ ಮುತ್ಯಾ ನನಗೆ ಮಿಸ್ಡ್ ಕಾಲ್ ಕೊಡಬೇಕು, ನಾನು ಗೇಟಿಗೆ ಫೋನ್ ಹೊಡೆಯಬೇಕು ಎಂದು ಮಾತಾಗಿತ್ತು. ಒಂದು ಮಧ್ಯಾಹ್ನ ಮಿಸ್ಡ್ ಕಾಲ್ ಬಂತು, ಗೇಟು ತೆಗೆದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ತೆಗೆದೆ. ಮತ್ತೊಂದು. ಹೀಗೆ ಹನ್ನೊಂದು ಸಲ. "ನೋಡ್ರಿ, ನಮ್ಮ ಹೊಲಕ್ಕ ಎಷ್ಟು ಗಾಡಿ ಬರಾಕತ್ಯಾವ," ಎಂದು ಯಜಮಾನರಿಗೆ ಹೆಮ್ಮೆಯಿಂದ ಹೇಳಿದೆ.

ಹನ್ನೆರಡನೆಯ ಸಲ ಫೋನ್ ನಿಲ್ಲಲೇ ಇಲ್ಲ. ಎತ್ತಿದೆ.

"ಅವ್ವಾರ, ಗೇಟ್ ಕೆಟ್ಟದರೀ!" ಮುತ್ಯಾ ಏದುಸಿರು ಬಿಡುತ್ತಿದ್ದ. "ಟ್ರ್ಯಾಕ್ಟರ್ ಹಿಂದನಽ ಆಡು ನುಗ್ಯಾವ. ಹೊರಗ ಅಟ್ಟಿ ಬರೋದ್ರಾಗ ಮತ್ತ ತೆಗೀತದ. ಮತ್ತ ನುಗ್ಗತಾವ. ಇದನ್ನ ಹೇಳಾಕಂತನಽ ನಿಮಗ ಆಗಿಂದ ಮಿಸ್ಡ್ ಕಾಲ್ ಕೊಡಾಕತ್ತೀನಿ!"

ಯಜಮಾನರು ನೋಟ್‌ಬುಕ್ಕು ತೆಗೆದು ಷರತ್ತಿನ ಪುಟ ಹುಡುಕಿದರು. "ನೀ ಕಾರ್ ಇಳಿದಿಲ್ಲ, ಖರೆ," ಎಂದರು. "ಆದ್ರ ಒಳಗ ಹೋಗಿದ್ದು ನೀ ಅಲ್ಲ, ಆಡು."

೫. ಪಟ್ಟಿ

ಫೋನಿನ ಪೆಟ್ಟಿಗೆ ಬಿಚ್ಚಿಸಿದಾಗ ಸುಗ್ಗಿಗೆ ಹದಿನೈದು ದಿನ ಉಳಿದಿತ್ತು. ನಾನೇ ಚಿತ್ರ ಬರೆದೆ, ಸನ್ನೆಗೋಲಿನ ಉದ್ದ ಲೆಕ್ಕ ಹಾಕಿದೆ, ಚಾಚಾ ಹಾಗೇ ಮಾಡಿಕೊಟ್ಟರು. ಗೇಟಿನಿಂದ ಹತ್ತು ಹೆಜ್ಜೆ ಹೊರಗೊಂದು, ಹತ್ತು ಹೆಜ್ಜೆ ಒಳಗೊಂದು, ನೆಲದಲ್ಲಿ ಅಗಲವಾದ ಕಬ್ಬಿಣದ ಪಟ್ಟಿ. ಯಾವುದರ ಮೇಲೆ ಕಾರಿನ ಭಾರ ಬಿದ್ದರೂ ಸರಪಳಿ ಎಳೆದು ಗೇಟು ತೆರೆಯುತ್ತದೆ. ಭಾರ ಇಳಿದರೆ ಕಂಬಕ್ಕೆ ತೂಗಿಬಿಟ್ಟ ಕಲ್ಲುಗಳು ಇಳಿದು, ಕಾರಿನ ವೇಗಕ್ಕೆ ದಾಟಲು ಬೇಕಾದಷ್ಟೇ ಹೊತ್ತಿನಲ್ಲಿ ಗೇಟು ಮುಚ್ಚುತ್ತದೆ. ಕೌದಿ ಹಾಕಲಾಗದು, ಎಮ್ಮೆ ಕಲಿಯಲಾಗದು, ಫೋನ್ ಬೇಕಿಲ್ಲ. ಆಡು ಹಾರದಂತೆ ಗೇಟಿನ ಮೇಲೆ ಮುಳ್ಳುತಂತಿಯನ್ನೂ ಸುತ್ತಿಸಿದೆ.

ಪರೀಕ್ಷೆಯ ದಿನ ಯಜಮಾನರು ನನ್ನ ಪಕ್ಕದಲ್ಲಿ ಕೂತಿದ್ದರು. ಕೈಯಲ್ಲಿ ಲಾವಣಿ ಕಾಗದ. ಸಿರವಾರದ ರೈತರಿಗೂ ಬರಲು ಹೇಳಿಬಿಟ್ಟಿದ್ದರು. ಮುಂದಿನ ಗಾಲಿ ಪಟ್ಟಿಯ ಮೇಲೆ ಬಂತು. ನೆಲದೊಳಗೆ ಏನೋ ನಿಟ್ಟುಸಿರು ಬಿಟ್ಟ ಸದ್ದಾಯಿತು. ಕಲ್ಲುಗಳು ಮೇಲೆದ್ದವು. ಗೇಟು ಸರಿದು ನಿಂತಿತು, ದೊಡ್ಡವರು ಬಂದರೆಂದು ಎದ್ದು ನಿಂತವರ ಹಾಗೆ. ನಾವು ದಾಟಿದೆವು, ಹಿಂದೆ ಅದು ಮುಚ್ಚಿಕೊಂಡಿತು. ನಾನು ನೋಟ್‌ಬುಕ್ಕಿಗೆ ಕೈ ಹಾಕಿದೆ. ಯಜಮಾನರು ತಡೆದರು.

"ತಡಿ. ಅವರೂ ಒಳಗ ಬರ್ಲಿ. ಆಮ್ಯಾಲ ಮಾತಾಡೋಣು," ಎಂದು ಇಳಿದು ಗೇಟಿನತ್ತ ಹೋದರು.

ಸಿರವಾರದ ರೈತರು ಬಸ್ಸಿಳಿದು ನಡೆದು ಬಂದಿದ್ದರು. ನಡೆದು ಬರುವವರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ! ದೊಡ್ಡ ಆಳು, ಆದರೂ ಪಟ್ಟಿಯ ಮೇಲೆ ಕುಪ್ಪಳಿಸಿದರೆ ಗೇಟು ಅಲ್ಲಾಡಲಿಲ್ಲ. ಕೈಯಿಂದ ತಳ್ಳಿದರೆ ಕಲ್ಲಿನ ಭಾರ ಬಿಡಲಿಲ್ಲ. ಅಷ್ಟರಲ್ಲಿ ಬದುವಿನ ಹುಲ್ಲು ಕೊಯ್ಯಲು ಆರು ಹೆಣ್ಣಾಳುಗಳು ಬಂದರು. ಯಜಮಾನರು ಒಳಗಿನಿಂದಲೇ ಕೂಗಿದರು: "ಏನ್ರವ್ವಾ, ನೀವೂ ಪಟ್ಟಿ ಮ್ಯಾಲ ನಿಂದರ್ರಿ!"

ಏಳೂ ಜನ ಒತ್ತಿಕೊಂಡು ನಿಂತಾಗ ಗೇಟು ತೆರೆಯಿತು.

"ತೆಗೀತು! ಬರ್ರಿ, ಬರ್ರಿ!" ಎಂದರು ಯಜಮಾನರು.

ರೈತರು ಪಟ್ಟಿ ಇಳಿದು ಓಡಿದರು. ಇಳಿದ ಕೂಡಲೇ ಭಾರ ಕಮ್ಮಿಯಾಯಿತು, ಅವರು ಬರುವಷ್ಟರಲ್ಲಿ ಗೇಟು ಮುಚ್ಚಿತು. ಮೂರು ಸಲ ಓಡಿದರು, ಮೂರು ಸಲವೂ ಮುಚ್ಚಿತು. ಎಲ್ಲರೂ ಪಟ್ಟಿಯ ಮೇಲಿದ್ದರೆ ತೆರೆದಿರುತ್ತಿತ್ತು, ಒಬ್ಬರು ಹೊರಟರೆ ಮುಚ್ಚುತ್ತಿತ್ತು. ಒಬ್ಬಳು ಬುತ್ತಿಗಂಟನ್ನು ಪಟ್ಟಿಯಾಚೆ ಇಟ್ಟರೂ ಗೇಣುದ್ದ ಸರಿಯುತ್ತಿತ್ತು. ನನ್ನ ಲೆಕ್ಕ ಅಷ್ಟು ನಿಖರವಾಗಿತ್ತು.

ನಾನು ಸೀಟಿನಲ್ಲಿ ಕೂತೇ ಇದ್ದೆ. ಕಾರು ಸ್ವಲ್ಪ ರಿವರ್ಸ್ ತೆಗೆದರೆ ಒಳಗಿನ ಪಟ್ಟಿ ಒತ್ತಿ ಗೇಟು ತೆರೆಯುತ್ತದೆ. ಅದು ಯಜಮಾನರಿಗೂ ಗೊತ್ತಿತ್ತು. ಕೇಳಲು ಮನಸ್ಸಿರಲಿಲ್ಲ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಕಿಟಕಿಯ ಹತ್ತಿರ ಬಂದರು.

"ಸ್ವಲ್ಪ ರಿವರ್ಸ್ ತಗೋ."

ನಾನು ನೋಟ್‌ಬುಕ್ಕು, ಪೆನ್ನು ಹೊರಗೆ ಚಾಚಿದೆ. "ಮೊದಲ ಬರೀರಿ. ಕಾರ್ ಇಳೀದ ಗೇಟ್ ತೆಗೆದಳು ಅಂತ."

ಬರೆದರು. ಸಹಿ ಮಾಡಿದರು. ನಾನು ರಿವರ್ಸ್ ತೆಗೆದೆ, ಗೇಟು ತೆರೆದು ನಿಂತಿತು. ಆದರೆ ಸಿರವಾರದ ರೈತರು ಒಳಗೆ ಹೆಜ್ಜೆ ಇಡಲಿಲ್ಲ. "ಬ್ಯಾಡ್ರೀ ಸಾಹೇಬ್ರ," ಎಂದು ಕೈ ಮುಗಿದರು. "ನನ್ನ ಹೊಲಕ್ಕ ನಾ ಬರಬೇಕಂದ್ರ ದಿನಾ ಅವ್ವಾರ ಕಾರ್ ಬೇಕಂದ್ರ ಹೆಂಗ್ರೀ? ನಿಮ್ಮ ಹೊಲ ನಿಮ್ಮ ಹಂತ್ಯಾಕಽ ಇರ್ಲಿ." ಬಸ್ಸಿನ ದಾರಿ ಹಿಡಿದರು.

ಹೆಣ್ಣಾಳುಗಳೂ ಪಟ್ಟಿ ಇಳಿದು, ಬುತ್ತಿ ಎತ್ತಿಕೊಂಡು, ತೆರೆದ ಗೇಟಿನ ಮುಂದೆಯೇ ಹಾದು ಬೇಲಿಯ ಗುಂಟ ಹೊರಟರು.

"ಏ, ಗೇಟ್ ತೆಗದದಲ್ಲಾ, ಆ ಕಡೆ ಎಲ್ಲಿ ಹೊಂಟ್ರಿ?" ಎಂದು ಯಜಮಾನರು ಕೂಗಿದರು.

"ನಾವು ದಿನಾ ಬರೋದು ಅಲ್ಲಿಂದನಽರೀ ಯಪ್ಪಾ. ಹುಣಸಿ ಗಿಡದ ಹಿಂದ ಬೇಲಿ ಹರದು ಮನುಷ್ಯಾ ಹಿಡಿಯೋವಷ್ಟು ಕಂಡಿ ಅದ."

ಯಜಮಾನರು ಹಣೆ ಹಣೆ ಚಚ್ಚಿಕೊಂಡರು. "ಮತ್ತ ಇಷ್ಟೊತ್ತು ಹೇಳಬಾರದೇನಬೇ?"

"ನೀವು ಪಟ್ಟಿ ಮ್ಯಾಲ ನಿಂದರ್ರಿ ಅಂದ್ರಿ, ನಿಂತ್ವಿ," ಎಂದಳು ಹಿರಿಯಳು, ನಡೆಯುತ್ತಲೇ. "ಒಳಗ ಹೆಂಗ ಬರ್ತೀರಿ ಅಂತ ನಮ್ಮನ್ನ ಯಾರು ಕೇಳಿದ್ರು?"