ಸೂರ್ಯಕಾಂತಿ ಹೊಲದ ಮೇಲಿನ ಕಿಟಕಿ ಸೀಟಿನ ಕುರಿತು

ಮುಗಿಲಯಾನ ವಿಮಾನ ಸಂಸ್ಥೆಯ ಪಾಯಿಂಟು ಮತ್ತು ಮೈಲಿ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗಿಯೂ ಇಂದಿನವರೆಗೆ ನಮ್ಮ ಮೇಲೆ ಏನನ್ನೂ ಬೀಳಿಸದಿರುವ ತಮ್ಮ ವಿಮಾನಕ್ಕೆ ಗಾದಿಗನೂರಿನ ಬೇಲಿ, ಬದು, ಎಮ್ಮೆ, ಎತ್ತುಗಳ ಪರವಾಗಿ ಮೊದಲು ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಕಚೇರಿಯ ಎ.ಸಿ. ತಣ್ಣಗೆ ಬೀಸುತ್ತಿದೆಯೆಂದೂ ನಂಬಿದ್ದೇನೆ. ನಾನು ಹೊಸಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ತೋಟಪ್ಪ. ಪತ್ರ ನನ್ನದು, ಆಸೆ ಮಾತ್ರ ನನ್ನ ದೊಡ್ಡವ್ವ ನೀಲಗಂಗಮ್ಮನದು.

ದೊಡ್ಡವ್ವನಿಗೆ ಗಾದಿಗನೂರಿನಲ್ಲಿ ರಸ್ತೆಗೆ ತಾಗಿದಂತೆ ಎರಡೂವರೆ ಎಕರೆ ಹೊಲವಿದೆ. ತೋರಣಗಲ್ಲಿನಿಂದ ಏರಿ ಹೈದರಾಬಾದಿಗೆ ಹೊರಡುವ ತಮ್ಮ ಬೆಳಗಿನ ವಿಮಾನ ಸರಿಯಾಗಿ ಆ ಹೊಲದ ಮೇಲೆಯೇ ಹೊರಳುತ್ತದೆ. ಮನೆಯವರೆಲ್ಲ ಒಪ್ಪಿ ಆ ಹೊಲವನ್ನು ಲಾರಿ ನಿಲ್ಲಿಸುವ ಜಾಗಕ್ಕೆಂದು ಮಾರಿಯಾಗಿದೆ. ಈ ಬೆಳೆ ಕೊಯ್ದ ಮೇಲೆ ಅಲ್ಲಿ ಮಣ್ಣು ಕಾಣುವುದಿಲ್ಲ, ಜಲ್ಲಿ ಬೀಳುತ್ತದೆ. ಕೊನೆಯ ಬೆಳೆಯಾಗಿ ಸೂರ್ಯಕಾಂತಿ ಬಿತ್ತಿದ ದಿನ ದೊಡ್ಡವ್ವ ನನಗೆ ಹೇಳಿದ್ದು ಇಷ್ಟೇ: “ತಮ್ಮಾ, ನಲವತ್ತು ವರ್ಷ ಈ ಹೊಲಾನ ಬಗ್ಗಿ ಬಗ್ಗೇ ನೋಡೀನಿ. ಹೂ ಬಿಟ್ಟಾಗ ಒಂದ್ಸಲ ಮ್ಯಾಲಿಂದ ನೋಡಬೇಕು. ಆಮ್ಯಾಗ ಅವರು ಲಾರಿನಾರ ನಿಲ್ಲಸಲಿ, ಏನಾರ ನಿಲ್ಲಸಲಿ.” ಟಿಕೆಟ್ ತೆಗೆಸುತ್ತೇನೆ ಎಂದೆ. “ರೊಕ್ಕ ಕೊಟ್ಟು ಹಾರಾಕ ನನಗೇನು ಹುಚ್ಚು ಹಿಡದೈತೇನು?” ಎಂದಳು.

ಆಗ ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ತಾವು ಅಚ್ಚು ಹಾಕಿಸಿದ್ದ ವಿಮಾನದ ಚಿತ್ರ ಕಣ್ಣಿಗೆ ಬಿತ್ತು. ಬರೀ ಸಾಮಾನು ಕೊಂಡರೆ ಸಾಕು, ಪಾಯಿಂಟು ಬೀಳುತ್ತದೆ, ಪಾಯಿಂಟು ಮೈಲಿಯಾಗುತ್ತದೆ, ಮೈಲಿ ಸೀಟಾಗುತ್ತದೆ ಎಂಬ ತಮ್ಮ ಉದಾರ ವಾಗ್ದಾನವನ್ನು ಹೊನ್ನೂರುಸ್ವಾಮಿಯ ಚಹಾದಂಗಡಿಯಲ್ಲಿ ಕೂತು ಓದಿ ಹೇಳಿದಾಗ, ಒಂದು ಹೆಜ್ಜೆಯೂ ನಡೆಯದೆ ಮೈಲಿ ಗಳಿಸುವ ಈ ವಿದ್ಯೆಗೆ ಊರೇ ಬೆರಗಾಯಿತು. ನಮ್ಮಲ್ಲಿ ಮುಯ್ಯಾಳು ಎಂಬುದೊಂದಿದೆ: ಇಂದು ನೀವು ನನ್ನ ಹೊಲದ ಕಳೆ ಕಿತ್ತರೆ ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ಅದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಪಾಯಿಂಟನ್ನೂ ಜನ ಹಾಗೆಯೇ ತಿಳಿದರು. ಜಡೆಪ್ಪನ ಟ್ರ್ಯಾಕ್ಟರ್ ಟೈರು, ಅಂಜಲಿಯ ಮದುವೆಯ ಸೀರೆಗಳು, ಹೊನ್ನೂರುಸ್ವಾಮಿಯ ಗ್ರೈಂಡರು, ಎಲ್ಲವೂ ನನ್ನ ಕಾರ್ಡಿನ ಮೇಲೆ ಹರಿದವು. ಅವರು ಕೈಗೆ ಕೈ ನಗದು ಕೊಟ್ಟರು, ಪಾಯಿಂಟನ್ನು ದೊಡ್ಡವ್ವನಿಗೆ ಮುಯ್ಯಿ ಇಟ್ಟರು. ಜಡೆಪ್ಪನಂತೂ ಎದುರಾದಾಗಲೆಲ್ಲ, “ಲೇ ತೋಟ್ಯಾ, ನನ್ನ ಟೈರಿನ ಪಾಯಿಂಟಿನಾಗ ನೀಲಗಂಗಕ್ಕ ಯಾವ ರೆಕ್ಕಿ ಕಡೆ ಕುಂದ್ರತಾಳ, ಎಡಕ್ಕೋ ಬಲಕ್ಕೋ?” ಎಂದು ಕೇಳುತ್ತಿದ್ದ.

ಹೂ ಬಿಡುವ ಹೊತ್ತಿಗೆ ಪಾಯಿಂಟು ಸಾಕಷ್ಟಾಯಿತು. ತಮ್ಮ ವೆಬ್‌ಸೈಟಿನ ವಿಶಾಲ ಮನಸ್ಸನ್ನು ನಾನು ಕಂಡಿದ್ದು ಆಗಲೇ. ಐವತ್ತು ನಿಮಿಷದ ಹೈದರಾಬಾದಿಗೆ ಅದು ದೊಡ್ಡವ್ವನನ್ನು ಮೊದಲು ಬೆಂಗಳೂರಿಗೆ ಒಯ್ದು, ದೆಹಲಿಯಲ್ಲಿ ಹನ್ನೊಂದು ತಾಸು ಕೂರಿಸಿ, ಮಾರನೆಯ ದಿನ ಇಳಿಸಲು ಸಿದ್ಧವಿತ್ತು. ನೇರ ವಿಮಾನ ಬೇಕೆಂದರೆ ಆ ಹದಿನೈದು ದಿನ ಪಾಯಿಂಟು ನಡೆಯುವುದಿಲ್ಲ, ಹಬ್ಬದ ಕಾಲ ಎಂದಿತು. ತಪ್ಪು ನಮ್ಮದೇ, ಬಿತ್ತುವ ಮುಂಚೆ ತಮ್ಮ ನಿಷಿದ್ಧ ದಿನಗಳ ಪಟ್ಟಿಯನ್ನು ಬೀಜಕ್ಕೆ ತೋರಿಸಿದ್ದರೆ ಅದು ಸ್ವಲ್ಪ ತಡೆದು ಹೂ ಬಿಡುತ್ತಿತ್ತೋ ಏನೋ.

ಆದರೂ ತಾವು ದಯಾವಂತರು. ಒಂದು ಬೆಳಿಗ್ಗೆ, ಹಬ್ಬ ಮುಗಿದ ಮರುದಿನದ ಗುರುವಾರಕ್ಕೆ, ಒಂದೇ ಒಂದು ಸೀಟು, ಹನ್ನೆರಡು ಎ, ಅದೂ ಕಿಟಕಿ ಪಕ್ಕದ್ದು, ಪರದೆಯ ಮೇಲೆ ಹಸಿರಾಗಿ ಮಿನುಗಿತು. ಬ್ಯಾಂಕಿನ ಪಾಯಿಂಟನ್ನು ತಮ್ಮಲ್ಲಿಗೆ ವರ್ಗಾಯಿಸಿದರೆ ಸೀಟು ನಮ್ಮದು, ವರ್ಗಾವಣೆ ತಕ್ಷಣ ಎಂದಿತ್ತು. ತಮ್ಮ ತಕ್ಷಣಕ್ಕೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಸೀಟು ಹೋಗಿತ್ತು, ಪಾಯಿಂಟು ಮಾತ್ರ ತಮ್ಮಲ್ಲೇ ಉಳಿಯಿತು. ನಮ್ಮಲ್ಲಿ ವರ್ಗವಾಗಿ ಹೋದ ತಹಶೀಲ್ದಾರರು ಕೂಡ ಒಂದಿಲ್ಲೊಂದು ದಿನ ಮರಳಿ ಬಂದದ್ದಿದೆ. ತಮ್ಮಲ್ಲಿಗೆ ಬಂದ ಪಾಯಿಂಟು ಯಾವ ಕಾರಣಕ್ಕೂ ಮರಳುವುದಿಲ್ಲವಂತೆ. ಫೋನು ಮಾಡಿದರೆ ತಮ್ಮ ಸಿಬ್ಬಂದಿ ಬಹಳ ಮೆಲ್ಲನೆ, “ಸರ್, ಸೀಟು ಕಾಣಿಸೋದು ಬೇರೆ, ಸೀಟು ಇರೋದು ಬೇರೆ” ಎಂದು ತತ್ತ್ವ ಹೇಳಿದರು. ಬೇಕಾದರೆ ಆ ಮೈಲಿಗಳಿಗೆ ಚಕ್ರದ ಸೂಟ್‌ಕೇಸು ಕಳಿಸುವುದಾಗಿಯೂ ಸಂತೈಸಿದರು. ಮಾನ್ಯರೇ, ಹಂಪಿಯ ಗೈಡುಗಳು ಬರೀ ಕಟ್ಟೆ ತೋರಿಸಿ ಇಲ್ಲೊಂದು ಅರಮನೆ ಇತ್ತು ಎನ್ನುತ್ತಾರೆ ನಿಜ, ಆದರೆ ಅವರಲ್ಲಿ ಯಾರೂ ಇದುವರೆಗೆ ಆ ಅರಮನೆಯಲ್ಲಿ ಕೋಣೆ ಕಾದಿರಿಸಿ ಕೊಟ್ಟಿಲ್ಲ.

ಹೋಗಲಿ, ನಗದು ಕೊಟ್ಟೇ ಹತ್ತಿಸುತ್ತೇನೆ ಎಂದರೆ ದೊಡ್ಡವ್ವ ಕೇಳಲಿಲ್ಲ. “ಊರ ಮಂದಿ ಮುಯ್ಯಿ ಇಟ್ಟಾರ. ಹೋದ್ರ ಅದರಾಗ ಹೋಗಾಕಿ, ಇಲ್ಲಾಂದ್ರ ಇಲ್ಲ.” ಅತ್ತ ಹೂಗಳು ಒಂದೊಂದಾಗಿ ತಲೆ ಬಗ್ಗಿಸತೊಡಗಿದ್ದವು.

ಆ ಗುರುವಾರ ಬೆಳಿಗ್ಗೆ ಹೊಲದ ಅಂಚಿಗೆ ಒಂದು ಗಾಡಿ ಬಂತು. ಲಾರಿ ಜಾಗದವರು ದೀಪದ ಕಂಬ ನಿಲ್ಲಿಸಲು ಕಳಿಸಿದ್ದು. ಉದ್ದನೆಯ ಕಬ್ಬಿಣದ ತೋಳು, ತುದಿಗೆ ಆಳು ನಿಲ್ಲುವ ಬುಟ್ಟಿ. ಓಡಿಸುವವನು ಮರಿಯಮ್ಮನಹಳ್ಳಿಯ ಹುಲಿಗೇಶ್. ದೊಡ್ಡವ್ವ ಅದನ್ನು ಸುತ್ತು ಹಾಕಿ ನೋಡಿ, “ಏನಪ್ಪಾ, ಈ ಬುಟ್ಟೀಗೆ ಎಷ್ಟು ಪಾಯಿಂಟು?” ಎಂದಳು. “ಪಾಯಿಂಟು ಬ್ಯಾಡ ಯವ್ವಾ, ಬೆಲ್ಟು ಹಾಕ್ಕೊಂಡು ಗಟ್ಟಿ ಹಿಡ್ಕೋರಿ ಸಾಕು,” ಎಂದ ಅವನು.

ನಲವತ್ತು ಅಡಿ ಮೇಲೆ ಹೋದ ದೊಡ್ಡವ್ವ ಬುಟ್ಟಿಯ ಅಂಚು ಗಟ್ಟಿಯಾಗಿ ಹಿಡಿದು ಕೆಳಗೆ ನೋಡಿದಳು. ಬುಟ್ಟಿಯಲ್ಲಿ ನಾನೂ ಆಕೆಯ ಪಕ್ಕದಲ್ಲೇ ನಿಂತಿದ್ದೆ; ಕೆಂಪು ಧೂಳಿನ ರಸ್ತೆಯ ಮಗ್ಗುಲಲ್ಲಿ ಹಳದಿ ಚೌಕ, ನಡುವೆ ಆಕೆಯೇ ನಡೆದು ನಡೆದು ಸವೆಸಿದ ಕಾಲುದಾರಿ. ಕೊನೆಗೆ, “ಎಷ್ಟು ಸಣ್ಣದೈತಲ್ಲೋ ತಮ್ಮಾ! ಇಷ್ಟರಾಗ ನಲವತ್ತು ವರ್ಷ ಹಿಡೀತಾ?” ಎಂದಳು. ಅದೇ ಹೊತ್ತಿಗೆ ತಮ್ಮ ವಿಮಾನ ಬಂದು ನಮ್ಮ ಮೇಲೆ ಹೊರಳಿತು. ದೊಡ್ಡವ್ವ ಸೆರಗು ಹಿಡಿದು ಬೀಸಿದಳು. “ಕಿಟಕಿ ಕಡೆ ಯಾರೂ ಕುಂತಿಲ್ಲೇನೋ? ಒಬ್ಬರೂ ಕೈ ಮಾಡವಲ್ರು.” ಹನ್ನೆರಡು ಎ ಸೀಟಿನ ಮಹನೀಯರು ನಿದ್ದೆ ಹೋಗಿರಬೇಕೆಂದು ಹೇಳಿ ತಮ್ಮ ಮಾನ ಉಳಿಸಿದ್ದೇನೆ.

ಈಗ ವಿನಂತಿಗೆ ಬರುತ್ತೇನೆ. ಹುಲಿಗೇಶನ ತಂಗಿಯ ಮದುವೆಗೆ ನಾವು ಇಪ್ಪತ್ತು ಜನ ಅಡುಗೆಗೆ ಹೋಗುವುದೆಂದು ನಿಶ್ಚಯವಾಗಿದೆ. ಅವನ ಮುಯ್ಯಿ ಅಲ್ಲಿಗೆ ತೀರುತ್ತದೆ. ಉಳಿದದ್ದು ತಮ್ಮದು. ಇಡೀ ಊರಿನ ಮುಯ್ಯಿ ತಮ್ಮಲ್ಲಿದೆ. ಬರುವ ಸೋಮವಾರ ಕೊಯ್ಲು. ತಮ್ಮ ವಿಭಾಗದಿಂದ ಒಬ್ಬ ಅಧಿಕಾರಿಯನ್ನು ತಪ್ಪದೆ ಕಳಿಸಿಕೊಡಬೇಕು. ನಿಯಮಗಳು ತಮಗೆ ಪರಿಚಿತವೇ: ದಿನವನ್ನು ಬದಲಿಸಲಾಗುವುದಿಲ್ಲ, ಕುಡುಗೋಲು ಲಭ್ಯತೆಗೆ ಒಳಪಟ್ಟಿರುತ್ತದೆ, ಬೇವಿನ ಮರದ ನೆರಳಿನ ಸಾಲು ಬೇಕಾದರೆ ಅರ್ಧ ದಿನ ಹೆಚ್ಚು ದುಡಿಯಬೇಕು. ಬಂದವರು ದೆಹಲಿಯ ಮೇಲೆ ಹಾದು ಬರಬೇಕಾಗಿಲ್ಲ, ಹೊಸಪೇಟೆಯಿಂದ ನೇರ ಬಸ್ಸಿದೆ, ಕಿಟಕಿಯೂ ಸಿಗುತ್ತದೆ.

ಒಂದಡಿಯೂ ಹಾರದೆ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ತೋಟಪ್ಪ
ಗಾದಿಗನೂರು

ಮರೆತ ಮಾತು: ಇದನ್ನು ಓದಿ ಹೇಳಿದಾಗ ದೊಡ್ಡವ್ವ ಒಂದು ಸಾಲು ಸೇರಿಸೆಂದಳು, ಹೇಳಿದಂತೆಯೇ ಸೇರಿಸಿದ್ದೇನೆ: “ಬಂದೋರಿಗೆ ರೊಟ್ಟಿ, ಪುಂಡಿಪಲ್ಯೆ ಕಟ್ಟಿ ಇಟ್ಟಿರತೀನಂತ ಬರಿ. ಬರಾಂಗಿಲ್ಲಂದ್ರ ಈಗ ಹೇಳ್ರಿ ಅಂತನೂ ಬರಿ. ಬುತ್ತಿ ಕಾಣಿಸೋದು ಬೇರೆ, ಇರೋದು ಬೇರೆ ಅನ್ನೋದು ನಮ್ಮ ಮನ್ಯಾಗ ಇಲ್ಲ.”