ಪ್ರಸಾದ ಕೇಳಿ ಹಾಕಿಸಿದ ಲಿನಕ್ಸ್

ದೇವರನ್ನು ಕೇಳದೆ ನಾನು ಯಾವ ದೊಡ್ಡ ಕೆಲಸಕ್ಕೂ ಕೈಹಾಕಿದವಳಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಇದನ್ನು ಹೇಳದಿದ್ದರೆ ಮುಂದೆ ಆದದ್ದು ನಿಮಗೆ ತಿಳಿಯುವುದಿಲ್ಲವೆಂದು ಹೇಳುತ್ತಿದ್ದೇನೆ. ಬೆಟಗೇರಿಯ ನಮ್ಮ ಓಣಿಯ ವೀರಭದ್ರ ದೇವರ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ದೇವರ ಎರಡೂ ಭುಜಕ್ಕೆ ನೀರು ಸವರಿ ಒಂದೊಂದು ಹೂವು ಅಂಟಿಸುತ್ತಾರೆ. ನಾವು ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಮಗಳ ಸಂಬಂಧ, ಬೋರ್ ಕೊರೆಸುವ ಜಾಗ, ಹಿತ್ತಲಿನ ನುಗ್ಗೆಮರ ಕಡಿಯುವುದೋ ಉಳಿಸುವುದೋ, ಎಲ್ಲವನ್ನೂ ಆ ಎರಡು ಹೂವುಗಳೇ ತೀರ್ಮಾನಿಸಿವೆ. ನಮ್ಮ ಮನೆಯವರು ಮುಂಡರಗಿಯಲ್ಲಿ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರು ಒಮ್ಮೆ, "ನನ್ನ ಮಾಡ್ಕೊಳ್ಳೂ ಮುಂದೂ ಪ್ರಸಾದ ಕೇಳಿದ್ರೇನು?" ಎಂದು ಕೇಳಿದ್ದರು. ಕೇಳಿದ್ದೆವು. ಬಲಗಡೆಯೇ ಆಗಿತ್ತು. ಆ ವಿಷಯವಾಗಿ ದೇವರನ್ನು ನಾನು ಮತ್ತೆ ಕೆದಕಲು ಹೋಗಿಲ್ಲ.

ನಮ್ಮ ಪಕ್ಕದ ಮನೆಯ ಖೈರುನ್‌ಬಿ ಇಪ್ಪತ್ತೈದು ವರ್ಷ ಕುಪ್ಪಸಗಳ ಮೇಲೆ ಕೈಕಸೂತಿ ಹಾಕಿದವಳು. ಅವಳ ಮನೆಗಿಂತ ನಮ್ಮ ಪಡಸಾಲೆಯಲ್ಲಿ ಬೆಳಕು ಹೆಚ್ಚೆಂದು ದಿನಾ ಹನ್ನೊಂದಕ್ಕೆ ಬಂದು ಗೋಡೆಗೊರಗಿ ಕೂರುತ್ತಾಳೆ. ನಾನು ಸೊಪ್ಪು ಸೋಸುತ್ತೇನೆ, ಅವಳು ನವಿಲು ಹೊಲಿಯುತ್ತಾಳೆ, ಇಬ್ಬರೂ ಸೇರಿ ಓಣಿಯ ಖಬರು ನೋಡಿಕೊಳ್ಳುತ್ತೇವೆ. ಎರಡು ವರ್ಷದಿಂದ ಅವಳಿಗೆ ಸೂಜಿಯ ಕಣ್ಣು ಕಾಣದಾಗಿ ದಾರ ಪೋಣಿಸುವ ಕೆಲಸ ನನ್ನದಾಗಿತ್ತು. ಕೊನೆಗೆ ಕಣ್ಣಿನ ಡಾಕ್ಟರು, ಸೂಜಿ ಬಿಡು ಇಲ್ಲವೇ ಕಣ್ಣು ಬಿಡು ಎಂದುಬಿಟ್ಟರು. ಆ ವಾರವೆಲ್ಲ ಅವಳು ಬಂದಳು, ಕೂತಳು, ಬರಿಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು. "ಅಕ್ಕಾರ, ಕೈ ಸುಮ್ಮನ ಕುಂದ್ರವಲ್ವು ನೋಡ್ರಿ," ಎಂದಳು ಒಂದು ದಿನ. ಅಂದೇ ನಾವಿಬ್ಬರೂ ಕಂಪ್ಯೂಟರಿನಿಂದ ನಡೆಯುವ ಎಂಬ್ರಾಯ್ಡರಿ ಯಂತ್ರ ತರಿಸುವುದೆಂದು ನಿಶ್ಚಯಿಸಿದೆವು. ಅವಳು ಕಾಗದದ ಮೇಲೆ ದೊಡ್ಡದಾಗಿ ನವಿಲು ಬರೆದರೆ ಸಾಕು. ಕಂಪ್ಯೂಟರು ಅದನ್ನು ಹೊಲಿಗೆಯ ಲೆಕ್ಕಕ್ಕೆ ತಿರುಗಿಸಿ ಯಂತ್ರಕ್ಕೆ ಕೊಡುತ್ತದೆ, ಯಂತ್ರ ಹೊಲಿಯುತ್ತದೆ. ದೇವರ ದಯೆ, ಯಂತ್ರ ಬರುವ ಮೊದಲೇ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳ ಮನೆಯಿಂದ ಮದುವೆಯ ಹನ್ನೆರಡು ಕುಪ್ಪಸ ಬಂದವು. ಇದು ಸರಿಹೋದರೆ ಬೀಗರ ಮನೆಯ ಕೆಲಸವೂ ನಮ್ಮದೇ ಎಂದರು. ಸರಿಹೋಗದಿದ್ದರೆ ಖೈರುನ್ ಮತ್ತೆ ಬರಿಗೈಯಲ್ಲಿ ಗೋಡೆಗೊರಗುವುದೇ.

ಯಂತ್ರದ ಪೆಟ್ಟಿಗೆ ಹುಬ್ಬಳ್ಳಿಯಿಂದ ಬಂತು. ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಎಂಟು ದಿನ ಬಿಟ್ಟು ಬರುವವನಿದ್ದ. ಅಲ್ಲಿಯವರೆಗೆ ಪೆಟ್ಟಿಗೆ ಎಲ್ಲಿರಬೇಕು? ದೇವರ ಮನೆಯಲ್ಲಿ ಮಣೆ ಹಾಕಿ ಕೂರಿಸಿದೆ. ಮುಖಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಹೂವು ಏರಿಸಿದೆ. ಖೈರುನ್ ಬಾಗಿಲಲ್ಲೇ ನಿಂತು ನೋಡಿ, "ಮಿಷನ್ನಿಗೆ ಇಷ್ಟು ಮರ್ಯಾದಿ! ನನಗ ಮದುವ್ಯಾಗೂ ಮಾಡಿರಲಿಲ್ಲ ಬಿಡ್ರಿ," ಎಂದಳು.

ಕಂಪ್ಯೂಟರನ್ನು ತಂದುಕೊಟ್ಟವನು ನನ್ನ ಮೈದುನ ಗುರುಶಾಂತ. ಗದಗ ಜಿಲ್ಲೆಯಾದದ್ದೇ ಕಚೇರಿಗಳ ಎದುರಿಗೆ ಝೆರಾಕ್ಸ್ ಅಂಗಡಿ ಹಾಕಿ, ಅಂದಿನಿಂದ ತಾನೇ ಅರ್ಧ ಕಚೇರಿ ಎಂಬಂತೆ ಓಡಾಡುವವನು. ಅವನು ತಂದದ್ದು ಬರಿದಾದ ಕಂಪ್ಯೂಟರು; ಒಳಗೆ ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಬೇರೆ ಹಾಕಿಸಬೇಕಂತೆ. ಹಾಗೆಂದರೇನೆಂದು ಕೇಳಿದೆ. "ವೈನಿ, ಈ ಪೆಟಗಿ ಅಂದ್ರ ಮನಿ ಅಂತ ತಿಳೀರಿ. ಆಪರೇಟಿಂಗ್ ಸಿಸ್ಟಮ್ ಅಂದ್ರ ಆ ಮನ್ಯಾಗಿನ ಅತ್ತಿ. ಅಕಿ ಹೂಂ ಅನ್ನೂತನಕ ಒಂದು ಚಮಚಾನೂ ಅಳ್ಳಾಡಂಗಿಲ್ಲ," ಎಂದ. ಇಷ್ಟು ಬಿಡಿಸಿ ಹೇಳಿದ ಮೇಲೆ ತಿಳಿಯದಿರಲು ನಾನೇನು ದಡ್ಡಿಯೇ? ಅಂಥದೊಂದು ಸಿಸ್ಟಮಿನ ಕೈಕೆಳಗೆ ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದವಳು. ಹೇಳುತ್ತಿರುವುದು ತನ್ನ ತಾಯಿಯ ಬಗ್ಗೆಯೇ ಎಂದು ಪಾಪ, ಅವನಿಗೆ ಹೊಳೆದಿರಲಿಲ್ಲ. ಅವರೀಗ ಶಿವನ ಪಾದದಲ್ಲಿದ್ದಾರೆ. ಅಲ್ಲಿಯ ಚಮಚಗಳ ಗತಿ ಶಿವನಿಗೇ ಗೊತ್ತು.

"ವಿಂಡೋಸ್ ಹಾಕಿಸಿ ಕೈ ತೊಳಕೊಳ್ರಿ. ಇಡೀ ಗದಗ ಅದರ ಮ್ಯಾಲೆ ನಡದೈತಿ," ಎಂದು ಗುರುಶಾಂತ ಅಪ್ಪಣೆ ಕೊಟ್ಟು ಹೋದ. ಮರುದಿನ ಖೈರುನ್‌ಳ ಅಕ್ಕನ ಮಗಳು ಶಬಾನಾ ಬಂದಳು. ಶಿರಹಟ್ಟಿಯ ಶಾಲೆಯೊಂದರಲ್ಲಿ ಕಂಪ್ಯೂಟರು ಕಲಿಸುವ ಹುಡುಗಿ, ಮಾತು ಮೃದು. "ಲಿನಕ್ಸ್ ಹಾಕೋಣ ಆಂಟಿ. ನಮ್ಮ ಸಾಲ್ಯಾಗ ಅದ ಐತಿ. ವೈರಸ್ ಕಾಟ ಕಡಿಮಿ. ಮತ್ತ ಪುಕ್ಕಟ ಸಿಗತೈತಿ," ಎಂದಳು. ಆ ಕೊನೆಯ ಮಾತು ನನ್ನ ಎದೆಯಲ್ಲಿ ನಾಟಿತು. ಅಲ್ಲದೆ ಅದರ ಗುರುತಿನ ಹಕ್ಕಿಯನ್ನು ತೋರಿಸಿದಳು. ಮದುವೆಯ ಊಟ ಮುಗಿಸಿ ಹೊಟ್ಟೆ ಮುಂದಿಟ್ಟುಕೊಂಡು ಕೂತ ದೊಡ್ಡಪ್ಪನಂತೆ ಇತ್ತು. ನೋಡಿದರೆ ನಂಬಿಕೆ ಬರುವ ಮುಖ. ಖೈರುನ್ ಮಾತ್ರ, "ನನಗ ಯಾವುದಾದ್ರೂ ನಡೀತೈತಿ ಅಕ್ಕಾರ. ಮಿಷನ್ ಕೊಟ್ಟ ಅಂಗಡ್ಯಾವರನ್ನ ಒಂದು ಮಾತು ಕೇಳೂಣೇನು?" ಎಂದಳು. "ಅವರಿಗೇನು ಗೊತ್ತು, ಮಾರೂದಷ್ಟ ಗೊತ್ತು. ತಡಿ, ವೀರಭದ್ರನ್ನ ಕೇಳಿ ಬರ್ತೀನಿ," ಎಂದು ಸೆರಗು ಹೊದ್ದೆ.

ಗುಡಿಯ ಅಯ್ಯನವರು ಹೂವು ಅಂಟಿಸುತ್ತ, "ಏನು ಕೇಳೂದೈತಿ ಯವ್ವಾ?" ಎಂದರು.

"ಲಿನಕ್ಸ್ ಹಾಕಸಲೋ ಬ್ಯಾಡೋ ಅಂತ ರೀ."

"ಯಾರಿಗೆ? ಮೊಮ್ಮಗಗೇನು? ದವಾಖಾನ್ಯಾಗ ಏನಂದ್ರು?"

"ಕಂಪ್ಯೂಟರಿಗೆ ರೀ ಅಯ್ಯನವರ."

ಅವರು ದೇವರ ಕಡೆಗೊಮ್ಮೆ ನೋಡಿದರು, ನನ್ನ ಕಡೆಗೊಮ್ಮೆ ನೋಡಿದರು, ಎರಡನೆಯ ಹೂವನ್ನೂ ಅಂಟಿಸಿ ಹಿಂದೆ ಸರಿದರು. ನಾನು ಕಣ್ಣು ಮುಚ್ಚಿ ಕೇಳಿಕೊಂಡೆ. ಕಣ್ಣು ತೆರೆಯುವುದರೊಳಗೆ ಎಡಗಡೆಯ ಹೂವು ಬಿದ್ದಿತ್ತು. ಇಷ್ಟು ಜಲ್ದಿ ಬಿದ್ದದ್ದು ನೋಡಿ ನನಗೆ ಸಂಶಯವಾಯಿತು. ದೇವರು ಆ ಶಬ್ದವನ್ನು ಇದೇ ಮೊದಲು ಕೇಳುತ್ತಿರಬಹುದು. ಇನ್ನೊಮ್ಮೆ ಅಂಟಿಸಲು ಹೇಳಿ, ಈ ಸಲ ಎಲ್ಲವನ್ನೂ ಬಿಡಿಸಿ ನಿವೇದಿಸಿಕೊಂಡೆ: ಪುಕ್ಕಟೆ ಸಿಗುವುದು, ವೈರಸ್ ಕಾಟವಿಲ್ಲದ್ದು, ಹಕ್ಕಿಯ ಮುಖ. ಕಾಲು ಜೋಮು ಹಿಡಿಯುವವರೆಗೆ ಕೂತೆ. ಮತ್ತೆ ಎಡಗಡೆ. ಬಹುಶಃ ಆ ಬದಿಗೆ ನೀರು ಕಡಿಮೆ ಸವರಿದ್ದಾರೆ ಎಂದುಕೊಂಡು ಅದನ್ನೂ ಬಾಯಿಬಿಟ್ಟು ಹೇಳಿದೆ. ಅಯ್ಯನವರು ಮೂರನೇ ಸಲ ಹೂವು ಏರಿಸುತ್ತ, "ಯವ್ವಾ, ದೇವರು ಕಿವುಡ ಅಲ್ಲ," ಎಂದರು. ಎಡಗಡೆಗೆ ಮಾತ್ರ ನೀರನ್ನು ಧಾರಾಳವಾಗಿ ಸವರಿದರು. ಬಲಗಡೆಯ ಹೂವು ಬಿತ್ತು. ನಾನು ತೆಂಗಿನಕಾಯಿ ಒಡೆಸಿ ಬಂದೆ. ಮನೆಯಲ್ಲಿ, "ಬಲಗಡೆ ಆತು," ಎಂದೆ. ಎಷ್ಟನೇ ಸಲಕ್ಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಳ್ಳಂತೂ ಆಡಲಿಲ್ಲ ನೋಡಿ.

ಶಬಾನಾ ಬಂದು ಲಿನಕ್ಸ್ ಹಾಕಿದಳು. ಕಂಪ್ಯೂಟರು ಚೆನ್ನಾಗಿಯೇ ನಡೆಯಿತು. ಕನ್ನಡದಲ್ಲಿ ನನ್ನ ಹೆಸರು ಬರೆಯಿತು, ಪುಣ್ಯಕ್ಕೆ ಒಮ್ಮೆಯೂ ತಕರಾರು ಮಾಡಲಿಲ್ಲ. ಎಂಟನೇ ದಿನ ಮೆಕ್ಯಾನಿಕ್ ಬಂದ. ಯಂತ್ರ ಜೋಡಿಸಿ, ಡಿಸೈನ್ ಮಾಡುವ ತಂತ್ರಾಂಶದ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದ. ಸ್ವಲ್ಪ ಹೊತ್ತು ಅದನ್ನು ನೋಡಿದ, ಆಮೇಲೆ ನಮ್ಮನ್ನು ನೋಡಿದ. "ಇದು ವಿಂಡೋಸಿನ್ಯಾಗಷ್ಟ ನಡಿಯೂದ್ರಿ ಅಕ್ಕಾರ. ಲಿನಕ್ಸಿನ ತಪ್ಪಲ್ಲ, ನಮ್ಮ ಕಂಪನ್ಯಾವ್ರು ಅದಕ್ಕ ಮಾಡಿಲ್ಲ. ಅದನ್ನ ಹಾಕಿಸಿ ಫೋನ್ ಮಾಡ್ರಿ," ಎಂದು ಚಹಾ ಕುಡಿದು ಬಸ್ಸು ಹತ್ತಿದ. ಕುಪ್ಪಸ ಕೊಡುವುದಕ್ಕೆ ಐದು ದಿನ ಉಳಿದಿತ್ತು.

ಖೈರುನ್ ಜಗಳ ಮಾಡುತ್ತಾಳೆಂದು ನಾನು ಸೆರಗು ಬಿಗಿದು ತಯಾರಾಗಿದ್ದೆ. ಅವಳು ಜಗಳ ಮಾಡಲಿಲ್ಲ. ಮನೆಗೆ ಹೋಗಿ ತನ್ನ ಹಳೆಯ ಸೂಜಿಯ ಡಬ್ಬಿ ತಂದು ಗೋಡೆಗೊರಗಿ ಕೂತಳು. ಒಂದು ಕುಪ್ಪಸದ ತೋಳನ್ನು ಮೂಗಿನ ಹತ್ತಿರ ಹಿಡಿದು, "ಒಂದೀಟು ದಾರ ಪೋಣಿಸಿ ಕೊಡ್ರಿ ಅಕ್ಕಾರ," ಎಂದಳು.

"ಏ ಹುಚ್ಚಿ, ಡಾಕ್ಟರು ಏನಂದಾರ? ಹನ್ನೆರಡು ಜಂಪರ ಐದು ದಿನದಾಗ ಆಗ್ತಾವೇನು?"

"ಆದಷ್ಟು ಆಗ್ತಾವು. ದೇವರ ಅಪ್ಪಣಿ ಆಗೇತಿ ಅಂದ್ರಿ. ನಿಮ್ಮ ದೇವ್ರು ಆದ್ರೇನು, ಅದರ ಮುಂದ ನಾ ಏನು ಮಾತಾಡ್ಲಿ?"

ಬೈದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಇವಳು ನಂಬಿಬಿಟ್ಟಿದ್ದಾಳೆ. ನನ್ನ ದೇವರನ್ನು ನನಗಿಂತ ಚೆನ್ನಾಗಿ ನಂಬಿ, ಅವನ ಹೆಸರಿನಲ್ಲಿ ಕಣ್ಣು ಕಳೆದುಕೊಳ್ಳಲು ಕೂತಿದ್ದಾಳೆ. ದಾರದ ತುದಿ ಒದ್ದೆ ಮಾಡಿದವಳಿಗೆ ಪೋಣಿಸಲು ಕೈಬರಲಿಲ್ಲ.

"ಖೈರೂ, ಆ ಬಲಗಡಿ ಹೂವು ಬಿದ್ದದ್ದು ಮೂರನೇ ಸಲಕ್ಕ," ಎಂದೆ.

"ಮೊದಲಿನ ಎರಡು?"

"ಎಡಗಡಿ."

ಅವಳು ಕುಪ್ಪಸವನ್ನು ಮೂಗಿನಿಂದ ಇಳಿಸಿದಳು. "ಅಂದ್ರ ಬ್ಯಾಡ ಅಂತ ಎರಡು ಸಲ ಹೇಳಿದ್ನೇನು?"

"ಹೂಂ. ಪುಕ್ಕಟ ಅಂದಳಲ್ಲ, ನನಗ ಆಸೆ ಆತು. ದೇವರ ತಪ್ಪಲ್ಲ, ನಂದು."

ಅವಳ ಹೊಟ್ಟೆಯಿಂದ ನಗು ಶುರುವಾಗಿ ಹೆಗಲಿಗೆ ಬಂತು, ಸೂಜಿಯ ಡಬ್ಬಿ ಉರುಳಿ ಸೂಜಿಯೆಲ್ಲ ಪಡಸಾಲೆ ತುಂಬ ಚೆಲ್ಲಿದವು. "ಅಕ್ಕಾರ, ಮನಷ್ಯಾರಿಗೆ ಹಿಂಗ ಬೆನ್ನು ಹತ್ತಿದ್ರ ಊರು ಬಿಟ್ಟು ಓಡತಾರ. ದೇವ್ರು ಗುಡಿ ಬಿಟ್ಟು ಎಲ್ಲಿ ಓಡಬೇಕ್ರಿ, ಪಾಪ! ಮೂರನೇ ಸಲ ಸೋತು ಹೂಂ ಅಂದಾನ." ಕಣ್ಣೊರೆಸಿಕೊಂಡು ಮತ್ತೆ, "ನಡೀರಿ, ನಿಮ್ಮ ಮೈದುನಗ ಫೋನ್ ಹಚ್ಚರಿ. ಅಲ್ಲಾ ಕೊಟ್ಟ ಬುದ್ಧಿ ಮನ್ಯಾಗ ಇಟ್ಟು ಗುಡಿಗೆ ಹೋದ್ರ ಹಿಂಗ ಆಗತೈತಿ," ಎಂದಳು. ಆ ಸೂಜಿಗಳನ್ನೆಲ್ಲ ಒಂದೊಂದಾಗಿ ಹುಡುಕಿ ಆರಿಸಿದವಳು ನಾನೇ. ಒಂದೂ ಯಾರ ಕಾಲಿಗೂ ಚುಚ್ಚಲಿಲ್ಲ, ಅದೂ ಅವನ ಕೃಪೆಯೇ.

ಗುರುಶಾಂತ ಅಂಗಡಿ ಮುಚ್ಚಿಕೊಂಡು ಬಂದ. "ನಾ ಅಂದಿದ್ದೆ," ಎಂದು ಬಾಗಿಲಲ್ಲಿ ಒಮ್ಮೆ, ಪಡಸಾಲೆಯಲ್ಲಿ ಒಮ್ಮೆ, ಚಹಾದ ಮೊದಲು ಮತ್ತು ಚಹಾದ ನಂತರ ಹೇಳಿದ. ಎಲ್ಲವನ್ನೂ ನುಂಗಿಕೊಂಡೆ. ಯಂತ್ರದ ಖಾಲಿ ಪೆಟ್ಟಿಗೆ ಇನ್ನೂ ದೇವರ ಮನೆಯಲ್ಲೇ ಇತ್ತು. ಅದನ್ನು ಹೊರಗೆ ತಂದು ಹೆಬ್ಬೆರಳಿನಿಂದ ವಿಭೂತಿ ಒರೆಸಿ ನೋಡಿದ. "ವೈನಿ, ಇಲ್ಲೇ ಬರದಾರಲ್ರೀ, ವಿಂಡೋಸ್ ಬೇಕಂತ! ನೀವು ಸರಿಯಾಗಿ ಅದರ ಮ್ಯಾಲ ಮೂರು ಬಟ್ಟು ಎಳದೀರಿ." ಖೈರುನ್ ಬಗ್ಗಿ ನೋಡಿ, "ಅಯ್ಯ, ಕುಂಕಮಾನೂ ಅದ ಅಕ್ಷರದ ಮ್ಯಾಲ ಐತ್ರಿ," ಎಂದಳು. ಯಾರು ಕೇಳಿದ್ದರು ಅವಳನ್ನು? ಆಗ ಮಾತ್ರ ಅವಳ ಕಣ್ಣು ಬಲು ಚುರುಕಾಗಿತ್ತು.

ಲಿನಕ್ಸನ್ನು ತೆಗೆದು ಬಿಸಾಡಲು ನಾನು ಒಪ್ಪಲಿಲ್ಲ. ಹೇಗೇ ಆಗಲಿ, ಪ್ರಸಾದ ಆದದ್ದು. ಕೊನೆಗೆ ಶಬಾನಾ ಬಂದು ಗುರುಶಾಂತನೊಡನೆ ಕೂತು ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಕೂರಿಸಿದಳು. ಒಂದೇ ಮನೆಯಲ್ಲಿ ಇಬ್ಬರು ಅತ್ತೆಯರು, ಆದರೂ ಜಗಳವಿಲ್ಲ. ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಾರಂತೆ. ಯಂತ್ರ ಓಡಿತು. ಐದನೇ ದಿನ ಬೆಳಿಗ್ಗೆ ಹನ್ನೆರಡು ಕುಪ್ಪಸಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ನಾವಿಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಮದುಮಗಳ ತಾಯಿ ನವಿಲಿನ ಮೇಲೆ ಬೆರಳಾಡಿಸಿ, "ಯಾರ ಕೈಕೆಲಸ ಇದು?" ಎಂದು ಕೇಳಿದರು. ಖೈರುನ್ ತನ್ನ ಎರಡೂ ಕೈಗಳನ್ನು ನೋಡಿಕೊಂಡು, "ನಂದು ರೀ," ಎಂದಳು. ಬೀಗರ ಮನೆಯ ಗಂಟನ್ನೂ ಅಂದೇ ಹೊತ್ತು ತಂದೆವು.

ಈಗ ಒಂದೇ ತೊಂದರೆ. ಬೆಳಿಗ್ಗೆ ಕಂಪ್ಯೂಟರು ಹಚ್ಚಿದೊಡನೆ ಯಾವ ಸಿಸ್ಟಮ್ ಬೇಕೆಂದು ಕೇಳಿ ಹತ್ತು ಎಣಿಸುತ್ತದೆ. ಅಷ್ಟರಲ್ಲಿ ಹೇಳದಿದ್ದರೆ ತಾನಾಗಿ ಲಿನಕ್ಸನ್ನು ಎಬ್ಬಿಸುತ್ತದೆ. ಕೆಲಸ ಶುರು ಮಾಡುವ ಮುನ್ನ ದೇವರನ್ನು ನೆನೆಯದಿದ್ದರೆ ಹೇಗೆ? ನಾನು ಕೈಮುಗಿದು ಗಣಪತಿಯಿಂದ ಹಿಡಿದು ಮನೆದೇವರ ತನಕ ಬರುವಷ್ಟರಲ್ಲಿ ದಿನಾ ಆ ಹೊಟ್ಟೆಯ ಹಕ್ಕಿಯದೇ ರಾಜ್ಯ. ಮತ್ತೆ ಮುಚ್ಚಿ ಮತ್ತೆ ತೆರೆಯಬೇಕು. ಎರಡು ವಾರ ನೋಡಿದ ಖೈರುನ್ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, "ಸರೀರಿ ಆಚೆ. ನಮ್ಮ ಬಿಸ್ಮಿಲ್ಲಾ ಎರಡು ಎಣಸೂದ್ರಾಗ ಮುಗೀತೈತಿ," ಎಂದು ತಾನೇ ಗುಂಡಿ ಒತ್ತಿದಳು. ಅಂದಿನಿಂದ ಅದು ಅವಳದೇ ಕೆಲಸ. ನಾನು ಹಿಂದೆ ನಿಂತು ನನ್ನ ಪ್ರಾರ್ಥನೆಯನ್ನು ಒಂದಕ್ಷರವೂ ಬಿಡದೆ ಹೇಳುತ್ತೇನೆ. ಮುಗಿಸಿ ಕಣ್ಣು ತೆರೆಯುವ ಹೊತ್ತಿಗೆ ಕುಪ್ಪಸದ ತೋಳಿನ ಮೇಲೆ ನವಿಲಿಗೆ ಕತ್ತು ಬಂದಿರುತ್ತದೆ.